ಫೋನ್ ಎತ್ತಿದವರು

ಜನವರಿ ೯

ಮಗಳೇ,

ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಮೊನ್ನೆ ನೀನು ಫೋನ್ ಮಾಡಿದಾಗ ಏನೊಂದೂ ತಿಳಿಯಲಿಲ್ಲ. ನಿಮ್ಮ ಕಡೆಯ ಲೈನ್ ಕೆಟ್ಟಿದೆ, ಬರೀ ಗೊರಗೊರ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆ. ಕಾಗದವಾದರೆ ನಿಧಾನವಾಗಿ ಎರಡು ಸಲ ಓದಬಹುದು.

ವಿಷಯ ಏನೆಂದರೆ, ನಿನ್ನ ತಮ್ಮ ಅಂಗಡಿಗೆ ಹೊಸ ಫೋನಿನ ಪೆಟ್ಟಿಗೆ ತಂದು ಗೋಡೆಗೆ ಹೊಡೆಸಿದ್ದಾನೆ. ಮೂರು ಲೈನು, ಐದು ಫೋನು. ನನ್ನ ಮೇಜು, ಅವನ ಮೇಜು, ಸೊಸೆಯ ಮೇಜು, ಹಿಂದೆ ಸಿಲಿಂಡರ್ ಇಡುವ ಗೋದಾಮು, ಮಹಡಿಯ ಮೇಲೆ ಮನೆ. ಒಂದು ಆಮ್ಲಜನಕದ ಅಂಗಡಿಗೆ ಇಷ್ಟೊಂದು ಫೋನು ಯಾಕೆ ಎಂದು ಕೇಳಿದರೆ ಕಾಲ ಬದಲಾಗಿದೆ ಅನ್ನುತ್ತಾನೆ. ಆಗಲಿ. ಈಗ ತಕರಾರು ಬಂದಿರುವುದು ಬೇರೆಯದಕ್ಕೆ. ಕೂರಿಸಲು ಬಂದವನು, "ಇದು ಮೂರು ಥರ ಕೆಲಸ ಮಾಡುತ್ತೆ ಯಜಮಾನ್ರೇ, ಯಾವ ಮೋಡ್ ಹಾಕ್ಲಿ?" ಎಂದು ಕೇಳಿದ. ಒಂದರಲ್ಲಿ ಮೂರು ಲೈನಿನ ದೀಪವೂ ಎಲ್ಲ ಫೋನಿನ ಮೇಲೆ ಇರುತ್ತದೆ, ಕರೆ ಬಂದರೆ ಐದೂ ಬಡಿದುಕೊಳ್ಳುತ್ತವೆ, ಮೊದಲು ಎತ್ತಿದವರು ಮಾತಾಡಬಹುದು. ಇನ್ನೊಂದರಲ್ಲಿ ಎಲ್ಲ ಕರೆಯೂ ಒಬ್ಬರ ಮೇಜಿಗೇ ಬರುತ್ತದೆ. ಅವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮೂರನೆಯದು ಎರಡನ್ನೂ ಕಲಸಿದ್ದು. ಅದು ಅವನಿಗೇ ಪೂರ್ತಿ ಗೊತ್ತಿದ್ದ ಹಾಗೆ ಕಾಣಲಿಲ್ಲ.

ನಿನ್ನ ತಮ್ಮನಿಗೆ ಎರಡನೆಯದೇ ಬೇಕಂತೆ. ಸೊಸೆ ಕೂತು ಎಲ್ಲವನ್ನೂ ಎತ್ತಬೇಕಂತೆ. ನಮಗೆ ಫೋನ್ ಮಾಡುವವರು ಯಾರು ಹೇಳು? ಮನೆಯಲ್ಲಿ ಒಬ್ಬರು ಉಸಿರಿಗೆ ಒದ್ದಾಡುತ್ತಿರುವಾಗ ಮಾಡುತ್ತಾರೆ. ಅಂಥವರಿಗೆ "ತಾಳಿ, ಕೊಡ್ತೀನಿ" ಅನ್ನುವುದೇ? ಅಂಗಡಿ ತೆರೆದ ದಿನದಿಂದ ನಾನು ಫೋನ್ ಎತ್ತಿ "ಬಂತು ಅಂದ್ಕೊಳಿ" ಅಂದರೆ ಸಾಕು, ಆ ಮನೆಯವರು ಅರ್ಧ ಉಸಿರು ಅಲ್ಲೇ ಎಳೆದುಕೊಳ್ಳುತ್ತಿದ್ದರು.

ಊರೂರು ತಿರುಗಿ ಕಚೇರಿಗಳಿಗೆ ಇಂಥ ಪೆಟ್ಟಿಗೆ ಕೂರಿಸುವವಳು ನೀನು. ನಿನ್ನ ತಮ್ಮ ನನ್ನ ಮಾತು ಬಿಟ್ಟರೂ ನಿನ್ನ ಮಾತು ಬಿಡುವುದಿಲ್ಲ. ಅವನಿಗೊಂದು ಕಾಗದ ಬರೆ.

ನಿನ್ನ
ಅಪ್ಪ


ಜನವರಿ ೧೭

ಅಪ್ಪನಿಗೆ,

ನಿಮ್ಮ ಕಾಗದ ಓದಿ ನಗು ಬಂತು. ನಮ್ಮ ಲೈನ್ ಚೆನ್ನಾಗಿಯೇ ಇದೆ ಅಪ್ಪ, ಅದರ ಮೇಲೆ ಗೂಬೆ ಕೂರಿಸಬೇಡಿ.

ವಕೀಲರ ಕಚೇರಿಯಾಗಿದ್ದರೆ ಕಣ್ಣು ಮುಚ್ಚಿ ಎರಡನೆಯದನ್ನೇ ಹಾಕಿ ಎನ್ನುತ್ತಿದ್ದೆ. ನಮ್ಮ ಅಂಗಡಿಗೆ ನೀವು ಹೇಳಿದ್ದೇ ಸರಿ ಅನ್ನಿಸುತ್ತದೆ. ಸಣ್ಣ ಜಾಗ, ಕೆಲವೇ ಜನ, ತುರ್ತಿನ ಕರೆಗಳು. ಎಲ್ಲ ಕಡೆ ಗಂಟೆ ಹೊಡೆದರೆ ಯಾರಾದರೊಬ್ಬರು ಎತ್ತುತ್ತಾರೆ. ಅದರಲ್ಲೂ ತೊಂದರೆ ಇಲ್ಲದಿಲ್ಲ. ಅವರು ಎತ್ತುತ್ತಾರೆಂದು ಇವರು, ಇವರು ಎತ್ತುತ್ತಾರೆಂದು ಅವರು ಸುಮ್ಮನಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿ ಕೇಳಲೂಬಹುದು. ಮನೆಯವರೇ ಇರುವ ಅಂಗಡಿಯಲ್ಲಿ ಮುಚ್ಚಿಡುವಂಥದ್ದು ಏನಿದೆ? ಮೊದಲನೆಯದೇ ಇರಲಿ, ಅಪ್ಪನ ಮೇಜಿನಿಂದ ಫೋನ್ ಕಿತ್ತುಕೊಳ್ಳಬೇಡ ಎಂದು ತಮ್ಮನಿಗೆ ಬರೆದಿದ್ದೇನೆ.

ಇನ್ನೊಂದು ಮಾತು. ಕಳೆದ ಸಲ ನಾನು ಬಂದಾಗ ಬಾಗಿಲ ಗಂಟೆ ಒತ್ತಿ ಒತ್ತಿ ಸಾಕಾಗಿ, ಕೊನೆಗೆ ಕಿಟಕಿಯಿಂದ ಕೈ ಬೀಸಿದ ಮೇಲೆ ನೀವು ಎದ್ದು ಬಂದಿರಿ. ಒಮ್ಮೆ ಕಿವಿ ತೋರಿಸಿಕೊಂಡು ಬನ್ನಿ. ಸಿಟ್ಟು ಮಾಡಿಕೊಳ್ಳಬೇಡಿ.

ನಿಮ್ಮ
ಮಗಳು


ಫೆಬ್ರವರಿ ೨೦

ಅಕ್ಕ,

ನೀನು ಹೇಳಿದ ಹಾಗೆಯೇ ಹಾಕಿಸಿದ್ದೇನೆ. ಈಗ ಫೋನ್ ಬಂದರೆ ಶಾಲೆಯ ಗಂಟೆ ಹೊಡೆದ ಹಾಗೆ ಎಲ್ಲರೂ ಎದ್ದು ನಿಲ್ಲುತ್ತೇವೆ. ಗೆಲ್ಲುವುದು ಮಾತ್ರ ಯಾವಾಗಲೂ ಅಪ್ಪನೇ. ಗಂಟೆ ಅವರಿಗೆ ಕೇಳಿಸುತ್ತದೋ ಇಲ್ಲವೋ, ದೀಪ ಹತ್ತುವುದನ್ನೇ ಕಾಯುತ್ತಾ ಕೈಯನ್ನು ಫೋನಿನ ಮೇಲೇ ಇಟ್ಟುಕೊಂಡು ಕೂತಿರುತ್ತಾರೆ. ಬೆಕ್ಕು ಇಲಿಯ ಬಿಲದ ಮುಂದೆ ಕೂತ ಹಾಗೆ.

ನಿನಗೆ ಕಾಗದ ಬರೆಯುತ್ತಿರುವುದು ಏಕೆಂದರೆ, ನೀನು ಆರಿಸಿಕೊಟ್ಟ ಮೋಡಿನ ಪುಣ್ಯದಿಂದ ನಮ್ಮ ಫೋನಿಗೆ ಐದು ಕಿವಿ. ಈ ಮಾತನ್ನು ಅದರಲ್ಲಿ ಆಡಲಾರೆ. ಅಪ್ಪನಿಗೆ ಕೇಳಿಸುತ್ತಿಲ್ಲ, ಅಕ್ಕ. ಕೇಳಿಸುತ್ತಿಲ್ಲ ಎಂದು ಹೇಳುವುದೂ ಇಲ್ಲ. ಎಲ್ಲದಕ್ಕೂ "ಹ್ಞೂ, ಹ್ಞೂ." ಹೋದ ವಾರ ನರ್ಸಿಂಗ್ ಹೋಮಿನವರು ಸಣ್ಣ ಸಿಲಿಂಡರ್ ಕೇಳಿದರೆ ಅಪ್ಪ ದೊಡ್ಡದು ಕಳಿಸಿದರು. ಅವರ ಲಿಫ್ಟಿನಲ್ಲಿ ಅದು ಹಿಡಿಸಲಿಲ್ಲ. ಕೇಳಿದ್ದಕ್ಕೆ, "ಅವರೇ ತಪ್ಪು ಹೇಳಿದ್ದು, ನನ್ನ ಕಿವಿ ನೆಟ್ಟಗಿದೆ" ಎಂದು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಕಿವಿ ತೋರಿಸೋಣ ಎಂದರೆ ನಿನ್ನನ್ನೂ ಸೇರಿಸಿ ಬೈದರು.

ಒಂದು ಕೇಳಬೇಕು. ಮೋಡ್ ಹೀಗೇ ಇಟ್ಟುಕೊಂಡು, ಅಪ್ಪನ ಫೋನಿಗೆ ಮಾತ್ರ ಹೊರಗಿನ ಕರೆ ಬಾರದ ಹಾಗೆ ಮಾಡಬಹುದಾ? ಅವರಿಗೆ ಗೊತ್ತಾಗಬಾರದು. ಬೇಗ ಬರೆ.

ನಿನ್ನ
ತಮ್ಮ


ಏಪ್ರಿಲ್ ೪

ಮಗಳೇ,

ನನ್ನ ಫೋನ್ ಸತ್ತುಹೋಗಿದೆ. ಮೂರು ದೀಪಗಳಲ್ಲಿ ಒಂದೂ ಹತ್ತುವುದಿಲ್ಲ. ನಾನಾಗಿ ಎತ್ತಿ ನಂಬರ್ ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಒಂದು ಸಲ ಏನನ್ನೋ ಒತ್ತಿದಾಗ ಪಕ್ಕದ ಮೇಜಿನಲ್ಲಿ ಸೊಸೆ ಫೋನ್ ಎತ್ತಿ "ಹೇಳಿ ಮಾವ" ಎಂದು ಕೈ ಆಡಿಸಿದಳು. ನಿನ್ನ ತಮ್ಮನನ್ನು ಕೇಳಿದರೆ ಉಪಕರಣ ಕೆಟ್ಟಿದೆ, ಹೇಳಿದ್ದೇನೆ, ಬರುತ್ತಾರೆ ಎನ್ನುತ್ತಾನೆ. ಯಾರೂ ಬರಲಿಲ್ಲ.

ಅಂಗಡಿಯಲ್ಲಿ ಏನೋ ಆಗಿದೆ. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ನನಗೆ ಕೇಳಿಸದಿದ್ದರೂ ಬಾಯಿ ಮುಚ್ಚುವುದು ಕಾಣಿಸುತ್ತದಲ್ಲ. ಗಾಡಿ ಓಡಿಸುವವನು ಮೊದಲು ಬೆಳಿಗ್ಗೆ ಬಂದ ಕೂಡಲೇ ನನ್ನ ಮೇಜಿನ ಮೂಲೆಯಲ್ಲಿ ಕೂತು ಅರ್ಧ ಗಂಟೆ ಹರಟುತ್ತಿದ್ದ. ಈಗ ಹಿಂದಿನ ಬಾಗಿಲಿನಿಂದ ಗೋದಾಮಿಗೆ ಹೋಗಿ ಹಾಗೇ ಹೊರಟುಬಿಡುತ್ತಾನೆ. ಎರಡು ನರ್ಸಿಂಗ್ ಹೋಮಿನವರು ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದಾರೆ. ಯಾಕೆ ಎಂದು ಕೇಳಿದರೆ ನಿನ್ನ ತಮ್ಮ, ವ್ಯಾಪಾರ ಎಂದರೆ ಹಾಗೇ ಅಪ್ಪ ಅನ್ನುತ್ತಾನೆ. ಅವನ ಮುಖ ನೋಡಿದರೆ ವ್ಯಾಪಾರದವನ ಮುಖವಲ್ಲ.

ನೀನೇ ಒಂದು ಸಲ ಬಂದು ನೋಡು. ಖಾಲಿ ಮೇಜಿನ ಮುಂದೆ ಕೂತು ಬೀದಿ ನೋಡುವುದಕ್ಕೆ ನಾನು ಅಂಗಡಿಗೆ ಇಳಿದು ಬರಬೇಕಾಗಿಲ್ಲ.

ಅಪ್ಪ


ಏಪ್ರಿಲ್ ೧೧

ತಮ್ಮ,

ಅಪ್ಪ ಬರೆದಿದ್ದಾರೆ. ದೀಪ ಹತ್ತುವುದಿಲ್ಲ, ಹೊರಗೆ ನಂಬರ್ ಹೋಗುವುದಿಲ್ಲ, ಒತ್ತಿದರೆ ನಿನ್ನ ಹೆಂಡತಿಗೆ ಹೋಗುತ್ತದೆ. ಉಪಕರಣ ಕೆಟ್ಟರೆ ಹೀಗಾಗುವುದಿಲ್ಲ ಕಣೋ. ಇದು ನನಗೆ ಹೊಟ್ಟೆಪಾಡಿನ ಕೆಲಸ, ನನ್ನ ಕಿವಿಗೆ ಹೂವಿಡಬೇಡ. ಮೋಡ್ ಬದಲಾಯಿಸಿದ್ದೀಯ. ಎಲ್ಲ ಕರೆಯೂ ನಿನ್ನ ಹೆಂಡತಿಯ ಮೇಜಿಗೆ. ಅಪ್ಪನ ಮುಂದೆ ಒಂದು ಆಟದ ಸಾಮಾನು ಇಟ್ಟಿದ್ದೀಯ.

ಅವರನ್ನು ಬದುಕಿರುವಾಗಲೇ ಫೋಟೋ ಮಾಡಿ ಗೋಡೆಗೆ ನೇತುಹಾಕಿದೆಯಾ? ಯಜಮಾನಿಕೆ ಬೇಕಿದ್ದರೆ ಎದುರು ಕೂತು ಕೇಳಬೇಕಿತ್ತು. ಕೇಳಿದ್ದರೆ ಕೊಡುತ್ತಿದ್ದರು. ಮೊದಲು ಇದ್ದ ಹಾಗೆ ಮಾಡಿಸು. ಇಲ್ಲದಿದ್ದರೆ ನಾನೇ ಬಂದು ಮಾಡಿ ಹೋಗುತ್ತೇನೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಅಕ್ಕ


ಏಪ್ರಿಲ್ ೧೯

ಅಕ್ಕ,

ಬೈದದ್ದು ಆಯಿತಲ್ಲ, ಈಗ ಓದು.

ಕೆರೆ ಬೀದಿಯಲ್ಲಿ ಒಬ್ಬರು ಟೀಚರಮ್ಮ ಇದ್ದಾರೆ. ಅವರ ಯಜಮಾನರು ಕಲ್ಲು ಪುಡಿ ಮಾಡುವ ಕಾರ್ಖಾನೆಯಲ್ಲಿ ದುಡಿದು ಶ್ವಾಸಕೋಶ ಹಾಳುಮಾಡಿಕೊಂಡವರು. ಹೋದ ವರ್ಷದಿಂದ ನಮ್ಮ ಸಿಲಿಂಡರ್ ಹೋಗುತ್ತಿತ್ತು. ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ ಅವರು ಫೋನ್ ಮಾಡಿದರು. ನಾನು ಗೋದಾಮಿನಲ್ಲಿ ತುಂಬಿದ ಸಿಲಿಂಡರ್ ಇಳಿಸಿಕೊಳ್ಳುತ್ತಿದ್ದೆ. ಇವಳು ಮೇಲೆ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ನಮ್ಮಿಬ್ಬರ ಪಕ್ಕದಲ್ಲೂ ಫೋನ್ ಹೊಡೆದುಕೊಂಡಿತು. ಅಪ್ಪ ಎತ್ತುತ್ತಾರಲ್ಲ ಎಂದು ಸುಮ್ಮನಾದೆವು. ಅಪ್ಪ ಎತ್ತಿದರು. "ಹ್ಞೂ, ಹ್ಞೂ, ಬಂತು ಅಂದ್ಕೊಳಿ" ಅಂದದ್ದು ಗೋದಾಮಿಗೂ ಕೇಳಿಸಿತು. ಗಾಡಿಯವನಿಗೆ ಕೆಳ ಬೀದಿ ಎಂದು ಹೇಳಿ ಕಳಿಸಿದರು.

ಕೆರೆ ಬೀದಿ, ಕೆಳ ಬೀದಿ. ಒಂದು ಊರಿನ ಈ ತುದಿ, ಇನ್ನೊಂದು ರೈಲ್ವೆ ಗೇಟಿನ ಆಚೆ. ಅವನು ಅಲ್ಲಿ ಹೋಗಿ ಮನೆ ಮನೆ ಬಾಗಿಲು ತಟ್ಟಿ "ಸಿಲಿಂಡರ್ ಕೇಳಿದ್ದು ನೀವಾ?" ಎಂದು ವಿಚಾರಿಸಿದ್ದಾನೆ. ಇತ್ತ ಟೀಚರಮ್ಮ ಮತ್ತೆ ಫೋನ್ ಮಾಡಿದ್ದಾರೆ. ಮತ್ತೆ ಅಪ್ಪನೇ ಎತ್ತಿ "ಹೊರಟಿದೆ ಅಮ್ಮ, ಹೊರಟಿದೆ" ಎಂದು ಇಟ್ಟಿದ್ದಾರೆ. ಮೂರನೇ ಸಲ ಮಾಡಿದಾಗ ಅಪ್ಪ ಹಿತ್ತಲಿಗೆ ಹೋಗಿದ್ದರು. ನಾನು ಎತ್ತಿದೆ.

ಸ್ಕೂಟರಿನ ಹಿಂದೆ ಸಣ್ಣ ಸಿಲಿಂಡರ್ ಕಟ್ಟಿಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ಅವರು ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು, ಕೈಯಲ್ಲಿ ಮೂಗಿನ ಕೊಳವೆ ಹಿಡಿದುಕೊಂಡು. ಅಳುತ್ತಿರಲಿಲ್ಲ. ನನ್ನನ್ನು ನೋಡಿ, "ಇನ್ನು ಅದನ್ನ ಒಳಗೆ ತರಬೇಡಿ" ಅಂದರು. ಆಮೇಲೆ ಬಂದ ವೈದ್ಯರು, ಹೇಗಿದ್ದರೂ ಹೆಚ್ಚು ದಿನ ಇರಲಿಲ್ಲ ಎಂದರು. ಅದು ಸಮಾಧಾನಕ್ಕೆ ಹೇಳಿದ್ದೋ ನಿಜವೋ ನನಗೆ ತಿಳಿಯದು.

ಹೊರಡುವಾಗ ಕೇಳಿದರು, "ನಿಮ್ಮ ಅಂಗಡೀಲಿ ಫೋನ್ ಎತ್ತಿದ್ದು ಯಾರು?"

"ನಾನೇ" ಅಂದೆ.

"ಆ ದನಿ ನಿಮ್ಮದಲ್ಲ."

"ನಾನೇ ಅಮ್ಮ" ಅಂದೆ.  ಊರಿಗೆಲ್ಲ ಗೊತ್ತಾಯಿತು. ಮಗನ ಕೈಗೆ ಬಂದ ಮೇಲೆ ಅಂಗಡಿ ಕೆಟ್ಟಿತು ಎಂದು ಜನ ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ಮಾರನೆಯ ದಿನವೇ ಮೋಡ್ ಬದಲಾಯಿಸಿದೆ. ಅಪ್ಪನಿಗೆ ಏನನ್ನೂ ಹೇಳಿಲ್ಲ. ಹೇಳಿದರೆ ಅವರು ಉಳಿಯುವುದಿಲ್ಲ.

ಫೆಬ್ರವರಿಯಲ್ಲಿ ನಿನ್ನನ್ನು ಒಂದು ಕೇಳಿದ್ದೆ. ನೀನು ಉತ್ತರ ಬರೆಯಲಿಲ್ಲ. ನಿನ್ನ ತಲೆಗೆ ಕಟ್ಟಲು ಹೇಳುತ್ತಿಲ್ಲ. ಪಕ್ಕದಲ್ಲೇ ಹೊಡೆದುಕೊಂಡ ಫೋನನ್ನು ನಾನೂ ಎತ್ತಲಿಲ್ಲವಲ್ಲ.

ತಮ್ಮ


ಮೇ ೬

ಅಪ್ಪನಿಗೆ,

ಬರೆಯಲು ತಡವಾಯಿತು, ಕೆಲಸ ಜಾಸ್ತಿ. ನಿಮ್ಮ ಫೋನಿನ ವಿಷಯ ತಮ್ಮನೊಂದಿಗೆ ಮಾತಾಡಿದೆ. ಅದರ ಬಿಡಿಭಾಗ ಈಗ ಎಲ್ಲೂ ಸಿಗುತ್ತಿಲ್ಲ. ಒಬ್ಬರೇ ಎತ್ತುವ ಮೋಡ್ ಹಾಕಲು ಅವನಿಗೆ ಹೇಳಿದವಳು ನಾನೇ. ಮೊದಲು ನಾನು ಕೊಟ್ಟ ಸಲಹೆ ಸರಿಯಿರಲಿಲ್ಲ. ಬೈಯುವುದಿದ್ದರೆ ನನಗೆ ಬೈಯಿರಿ, ಅವನಿಗೆ ಬೇಡ.

ಇಷ್ಟು ವರ್ಷ ದುಡಿದಿದ್ದೀರಿ. ಸ್ವಲ್ಪ ದಿನ ಮೇಲೆ ಮನೆಯಲ್ಲಿ ಮೊಮ್ಮಗುವಿನ ಜೊತೆ ಇರಿ.

ಮಗಳು


ಮೇ ೨೮

ಮಗಳಿಗೆ,

ಕಾಗದ ತಲುಪಿತು. ನಿನ್ನ ಅಕ್ಷರ ಯಾವಾಗಲೂ ಗುಂಡಗೆ ಇರುತ್ತದೆ. ಈ ಸಲ ಒಂದೊಂದನ್ನೂ ಎಳೆದು ತಂದು ನಿಲ್ಲಿಸಿದ ಹಾಗಿತ್ತು. ಬಿಡಿಭಾಗ ಸಿಗದ ಫೋನನ್ನು ಜನವರಿಯಲ್ಲಿ ಹೊಸದೆಂದು ಮಾರಿದರೇ ಎಂದು ಕೇಳಬೇಕೆನ್ನಿಸಿತು. ಕೇಳುವುದಿಲ್ಲ.

ಮನೆಯಲ್ಲಿ ಕೂರಲು ನನಗೆ ಬರುವುದಿಲ್ಲ. ಗಾಡಿಯಲ್ಲಿ ಹೋಗಿ ಖಾಲಿ ಸಿಲಿಂಡರ್ ವಾಪಸು ತರುವ ಕೆಲಸ ಹಿಡಿದಿದ್ದೇನೆ. ಅದಕ್ಕೆ ಫೋನ್ ಬೇಡ, ಕಣ್ಣಿದ್ದರೆ ಸಾಕು. ಎಷ್ಟೋ ಮನೆಗಳಲ್ಲಿ ನಮ್ಮ ಖಾಲಿ ಹಾಗೇ ಬಿದ್ದಿವೆ. ಕೆರೆ ಬೀದಿಯದೊಂದು ಮಾರ್ಚಿನಿಂದ ಬಂದಿಲ್ಲ. ನಿನ್ನ ತಮ್ಮನಿಗೆ ಹೇಳಿದರೆ ಇವತ್ತು ನಾಳೆ ಎನ್ನುತ್ತಾನೆ. ನಾನೇ ಹೋಗಿ ತರುತ್ತೇನೆ.

ಅಪ್ಪ


ಜೂನ್ ೧೦

ಅಕ್ಕ,

ಅಪ್ಪನ ಕಾಗದ ನೋಡಿದ ಕೂಡಲೇ ನೀನು ಫೋನ್ ಮಾಡಿ ತಡೆ ಎಂದೆ. ಅಷ್ಟು ಹೊತ್ತಿಗೆ ಗಾಡಿ ಹೋಗಿ ಬಂದಾಗಿತ್ತು. ಅವತ್ತು ನಿನ್ನೊಂದಿಗೆ ಮಾತಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗಾಡಿಯವನು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ.

ಆ ಮನೆಗೆ ಬೀಗ ಹಾಕಿದೆ ಯಜಮಾನರೇ ಎಂದು ಅವನು ಸುಳ್ಳು ಹೇಳಿ ನೋಡಿದನಂತೆ. ಅಪ್ಪ, ಬೀಗ ನೋಡಿಕೊಂಡೇ ಬರೋಣ ನಡಿ ಅಂದರಂತೆ. ಟೀಚರಮ್ಮನೇ ಬಾಗಿಲು ತೆರೆದರು. ಅಪ್ಪ ಮೆಟ್ಟಿಲ ಮೇಲೆ ನಿಂತು, ನಮ್ಮದೊಂದು ಖಾಲಿ ಇತ್ತು, ತಗೊಂಡು ಹೋಗೋಣ ಅಂತ ಬಂದೆ ಎಂದು ನಗುನಗುತ್ತಾ ಹೇಳಿ, "ನಿಮ್ಮೋರು ಹೇಗಿದಾರೆ ಈಗ?" ಎಂದು ಕೇಳಿಬಿಟ್ಟರು.

ಅವರು, "ಹೋದ್ರು" ಅಂದರು.

ಅಪ್ಪ, "ಹ್ಞೂ, ಹ್ಞೂ. ಓಡಾಡೋ ಹಾಗೆ ಆದ್ರಲ್ಲ, ಒಳ್ಳೇದಾಯ್ತು. ಯಾವಾಗ ಬರ್ತಾರೆ?" ಅಂದರು.

ಗಾಡಿಯವನು ಅಲ್ಲೇ ನೆಲ ನೋಡುತ್ತಾ ನಿಂತನಂತೆ.  ಟೀಚರಮ್ಮ ಮೆಟ್ಟಿಲಿಳಿದು ಬಂದು, ಅಪ್ಪನ ಕಿವಿಯ ಹತ್ತಿರ ಬಾಯಿ ತಂದು, ತರಗತಿಯಲ್ಲಿ ಹಿಂದಿನ ಸಾಲಿನವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು: "ಅವತ್ತು ಫೋನ್ ಎತ್ತಿದ್ದು ನೀವು. ನಿಮ್ಮ ಮಗ ಅಲ್ಲ. ಅವರು ಸತ್ತು ಮೂರು ತಿಂಗಳಾಯ್ತು." ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದವಂತೆ. ಅಷ್ಟು ಜೋರಾಗಿ ಹೇಳಿದ್ದರಿಂದ ಅಪ್ಪನಿಗೆ ಪೂರ್ತಿ ಕೇಳಿಸಿತು. ಟೀಚರಮ್ಮ ಒಳಗೆ ಹೋಗಿ ಸಿಲಿಂಡರನ್ನು ತಾವೇ ಉರುಳಿಸಿಕೊಂಡು ಬಂದು ಬಾಗಿಲಾಚೆ ನಿಲ್ಲಿಸಿದರು. ಗಾಡಿಯವನು ಕೈ ಹಾಕಲು ಹೋದರೆ ಬೇಡ ಎಂದು ತಲೆ ಆಡಿಸಿದರು.

ದಾರಿಯಲ್ಲಿ ಅಪ್ಪ ಗಾಡಿ ನಿಲ್ಲಿಸಿ ಅವನ ಬಾಯಿಂದ ಎಲ್ಲ ಹೇಳಿಸಿದ್ದಾರೆ. ಮನೆಗೆ ಬಂದು ನನ್ನನ್ನು ಬೈಯಲಿಲ್ಲ. "ನಿನ್ನ ಹೆಸರು ಯಾಕೋ ಹೇಳ್ದೆ?" ಎಂದರು.  ಮೇಲೆ ಹೋಗಿ ಮಲಗಿದವರು ಇವತ್ತಿಗೂ ಕೆಳಗೆ ಇಳಿದಿಲ್ಲ. ತಟ್ಟೆ ಹಾಗೇ ವಾಪಸು ಬರುತ್ತದೆ. ಮಗು ಹೋಗಿ ಹೊದಿಕೆ ಎಳೆದರೂ ತಿರುಗಿ ನೋಡುವುದಿಲ್ಲ.

ನೀನು ಬರುತ್ತೇನೆ ಎಂದೆಯಲ್ಲ, ಅದನ್ನು ತಿಳಿಸಿದೆ. ಬೇಡ ಎಂದು ಕೈ ಮಾಡಿದರು. ಆದರೂ ಬಾ ಎನ್ನಲೋ, ಸ್ವಲ್ಪ ದಿನ ಬಿಡು ಎನ್ನಲೋ, ನನಗೇ ತಿಳಿಯುತ್ತಿಲ್ಲ.

ತಮ್ಮ


ಆಗಸ್ಟ್ ೧೪

ಮಗಳೇ,

ನೀನು ಬರೆದ ಕಾಗದಗಳೆಲ್ಲ ಬಂದಿವೆ. ಓದಿದ್ದೇನೆ. ಬಿಡಿಭಾಗದ ಸುಳ್ಳಿಗೆ ಕ್ಷಮಿಸು ಎಂದು ಅಷ್ಟು ಸಲ ಬರೆಯಬೇಕಾಗಿರಲಿಲ್ಲ. ಎಲ್ಲ ಕಡೆ ಬಡಿಯುವ ಆ ಮೊದಲಿನ ಮೋಡನ್ನು ಕೇಳಿದವನು ನಾನು, ನನ್ನ ಮಾತು ಉಳಿಸಲು ನೀನು ಹ್ಞೂ ಎಂದೆ, ಅಷ್ಟೇ. ಈಗ ಇರುವುದು ಸರಿಯಾಗಿದೆ, ಹಾಗೇ ಇರಲಿ. ಸೊಸೆ ಪ್ರತಿ ವಿಳಾಸವನ್ನೂ ತಿರುಗಿ ಹೇಳಿಸಿಕೊಂಡು ಬರೆದುಕೊಳ್ಳುತ್ತಾಳೆ. ನಾನು ಯಾವತ್ತೂ ಹಾಗೆ ಮಾಡಿದವನಲ್ಲ.

ಕಿವಿ ತೋರಿಸಿದೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಬಹಳ ವರ್ಷದಿಂದ ಹೀಗೆ ಇರಬೇಕು ಎಂದರು ವೈದ್ಯರು. ಫೋನನ್ನು ನಾನು ಯಾವಾಗಲೂ ಎಡಗಿವಿಗೇ ಹಿಡಿಯುತ್ತಿದ್ದೆ. ಬಲಗೈಯಲ್ಲಿ ಬರೆದುಕೊಳ್ಳಬೇಕಲ್ಲ. ಈಗ ಬಲಗಿವಿಗೆ ಒಂದು ಯಂತ್ರ ಹಾಕಿದ್ದಾರೆ. ಕುಕ್ಕರ್ ಕೂಗಿದರೆ ಎದೆ ಹೊಡೆದುಕೊಳ್ಳುತ್ತದೆ. ಮೊಮ್ಮಗುವಿನ ದನಿ ನಾನಂದುಕೊಂಡದ್ದಕ್ಕಿಂತ ತೆಳ್ಳಗಿದೆ. ಬೀದಿಯಲ್ಲಿ ನನ್ನ ಬೆನ್ನ ಹಿಂದೆ ಆಡಿಕೊಳ್ಳುವುದೂ ಕೇಳಿಸುತ್ತದೆ.

ಎರಡೂ ನರ್ಸಿಂಗ್ ಹೋಮಿಗೆ ಹೋಗಿ, ಅವತ್ತು ಫೋನ್ ಎತ್ತಿದವನು ನಾನು, ಮಗನಲ್ಲ ಎಂದು ಹೇಳಿ ಬಂದೆ. ಒಬ್ಬರು ಕೂರಿಸಿ ಕೇಳಿದರು. ಇನ್ನೊಬ್ಬರು ಮಗನನ್ನು ಉಳಿಸಲು ಹೇಳುತ್ತಿದ್ದೇನೆ ಅಂದುಕೊಂಡರು. ವ್ಯಾಪಾರ ತಿರುಗಿ ಬಂದಿಲ್ಲ.

ಹೋದ ವಾರ ಟೀಚರಮ್ಮನ ಮನೆಗೆ ಹೋದೆ. ಒಬ್ಬನೇ, ನಡೆದುಕೊಂಡು. ಕ್ಷಮೆ ಕೇಳಲು ಹೋದದ್ದಲ್ಲ. ಅದನ್ನು ಯಾವ ಬಾಯಲ್ಲಿ ಕೇಳುವುದು? ಮಲಗಿದ್ದಷ್ಟು ದಿನವೂ ನನಗೆ ಒಂದೇ ಕೊರೆಯುತ್ತಿತ್ತು. ಅವತ್ತು ಅವರು ಎರಡು ಸಲ ನನ್ನೊಂದಿಗೆ ಮಾತಾಡಿದ್ದಾರೆ. ಬೀದಿಯ ಹೆಸರೊಂದನ್ನು ಬಿಟ್ಟು ಇನ್ನೇನೋ ಹೇಳಿದ್ದಾರೆ, ಮಾತು ಉದ್ದವಾಗಿತ್ತು. ಅದಕ್ಕೆಲ್ಲ ನಾನು ಹ್ಞೂಗುಟ್ಟಿ ಫೋನ್ ಇಟ್ಟಿದ್ದೇನೆ. ಅದೇನೆಂದು ತಿಳಿಯಬೇಕಾಗಿತ್ತು.

ಟೀಚರಮ್ಮ ಗೇಟು ತೆರೆಯಲಿಲ್ಲ, ಒಳಗಿನಿಂದಲೇ ನೋಡಿದರು. ಕಿವಿಯ ಯಂತ್ರವನ್ನು ತೋರಿಸಿ ಹೇಳಿದೆ: "ಈಗ ಕೇಳಿಸುತ್ತೆ. ಅವತ್ತು ನೀವು ಹೇಳಿದ್ದನ್ನ ಇನ್ನೊಂದು ಸಲ ಹೇಳ್ತೀರಾ?"

ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಗೇಟಿನವರೆಗೆ ಬಂದು ಕಂಬಿ ಹಿಡಿದುಕೊಂಡು ನಿಂತರು.

"ಕೆರೆ ಬೀದಿ, ನೀರಿನ ಟ್ಯಾಂಕ್ ಎದುರುಗಡೆ ಮನೆ ಅಂದೆ" ಎಂದರು. "ಸಿಲಿಂಡರ್ ಮೀಟರಿನ ಮುಳ್ಳು ಕೆಂಪಿಗೆ ಬಂದಿದೆ ಅಂದೆ. ನೀವು ಬಂತು ಅಂದ್ಕೊಳಿ ಅಂದ್ರಿ."

"ಎರಡನೇ ಸಲ?"

"ಎರಡನೇ ಸಲ ಸಿಲಿಂಡರ್ ಕೇಳಲಿಲ್ಲ. ನೀವು ಹೊರಟಿರ್ತೀರಿ ಅಂತ ನಂಬಿದ್ದೆ. ಇನ್ನೂ ಸ್ವಲ್ಪ ಉಳಿದಿದೆ, ನೀವು ಬರೋ ತನಕ ಅದು ತಡೀಬೇಕಂದ್ರೆ ಎಷ್ಟು ತಿರುಗಿಸಿ ಇಡಬೇಕು, ಯಾವ ಕಡೆ ತಿರುಗಿಸಬೇಕು, ಹೇಳಿಕೊಡಿ ಅಂತ ಕೇಳಿದೆ."

ಮಗಳೇ, ಅದು ಒಂದು ಮಾತಿನಲ್ಲಿ ಹೇಳುವಂಥದ್ದು. ಹೊಸ ಮನೆಗೆ ಸಿಲಿಂಡರ್ ಇಟ್ಟಾಗಲೆಲ್ಲ ನಾನೇ ನಿಂತು ತೋರಿಸುತ್ತಿದ್ದೆ. ಅವರ ಮನೆಗೆ ಮೊದಲ ಸಲ ಇಟ್ಟದ್ದು ನಾನಲ್ಲ, ಗಾಡಿಯವನು. ಅವನು ತೋರಿಸಿರಲಿಲ್ಲ.

 ಟೀಚರಮ್ಮನೇ ಕೇಳಿದರು, "ಎಷ್ಟು ತಿರುಗಿಸಬೇಕಿತ್ತು?"

"ಬೇಡ ಅಮ್ಮ" ಅಂದೆ.

"ಹೇಳಿ."

ಹೇಳಿದೆ. ಗಾಜಿನ ಕೊಳವೆಯಲ್ಲಿ ಒಂದು ಗುಂಡು ತೇಲುತ್ತಿರುತ್ತದೆ, ಪಕ್ಕದ ತಿರುಪನ್ನು ಬಲಕ್ಕೆ ಸ್ವಲ್ಪವೇ ತಿರುಗಿಸಿ ಆ ಗುಂಡನ್ನು ಎರಡರ ಗೆರೆಗೆ ಇಳಿಸಿ ಇಟ್ಟರೆ ಉಳಿದದ್ದು ಇನ್ನೂ ಒಂದಷ್ಟು ಹೊತ್ತು ಬರುತ್ತಿತ್ತು ಎಂದೆ. ಕೈಯಲ್ಲಿ ತಿರುಗಿಸಿ ತೋರಿಸಿದೆ. ಅವರು ಗೇಟಿನ ಒಳಗಿನಿಂದ ತಮ್ಮ ಕೈಯನ್ನೂ ಹಾಗೇ ತಿರುಗಿಸಿ, "ಇಷ್ಟಾ?" ಎಂದರು.

"ಅಷ್ಟೇ" ಅಂದೆ.

ಕೈಯನ್ನು ನೋಡಿಕೊಂಡು ಒಳಗೆ ಹೋದರು.

ಅಪ್ಪ